ಮಾಮನ ಹೊಲ

ಬೆಣ್ಣೆಹಣ್ಣಿನ ಮರದ ಬುಡದಲ್ಲಿ ಲೋಹ ಹುಡುಕುವ ಯಂತ್ರ ಕೂಗಿತು. ಸುಜಯ್ ಗುದ್ದಲಿ ಎತ್ತಿದ.

“ಆ ಕಡೆ ಬೇಡ ಕಣೋ,” ಎಂದ ಭಾರ್ಗವ ದೂರದಿಂದ. “ಅಲ್ಲಿ ಮಾಮ ಹೊಸ ಗಿಡ ಹಾಕಿಸಿದ್ದಾರಂತೆ. ಬೈತಾರೆ.”

ಗಿಡ ಒಂದೂ ಇರಲಿಲ್ಲ. ಮಣ್ಣು ಮಾತ್ರ ಸಡಿಲವಾಗಿತ್ತು. ಬೆಳಿಗ್ಗೆಯಿಂದ ಎಲ್ಲಿ ಅಗೆದರೂ ಕೈ ಅದುರುತ್ತಿತ್ತು, ಇಲ್ಲಿ ಗುದ್ದಲಿ ಮೆತ್ತಗೆ ಒಳಗಿಳಿಯಿತು. ಸುಜಯ್‌ಗೆ ಅದು ಹಿಡಿಸಲಿಲ್ಲ.

ಅವನು ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ನೈರೋಬಿಗೆ ಬಂದು ಮೂರು ವಾರವಾಗಿತ್ತು. ಸೌತ್ ಸಿ ಬಡಾವಣೆಯಲ್ಲಿ ಕಂಪನಿಯ ಗೆಸ್ಟ್ ಹೌಸು. ಸ್ವಾಹಿಲಿಯಲ್ಲಿ ಧನ್ಯವಾದಕ್ಕೆ ‘ಅಸಾಂಟೆ’, ಬಾಡಿಗೆ ವ್ಯಾನಿಗೆ ‘ಮಟಾಟು’ ಎಂಬೆರಡು ಪದ ಕಲಿತು, ಸದ್ಯಕ್ಕೆ ಇಷ್ಟು ಸಾಕೆಂದು ಕೂತಿದ್ದ. ಭಾರ್ಗವ ಅವನ ಕಾಲೇಜಿನ ಗೆಳೆಯ. ಇಲ್ಲಿಗೆ ಬಂದು ಆರು ವರ್ಷ, ತರಕಾರಿಯವಳ ಹತ್ತಿರವೂ ಸ್ವಾಹಿಲಿಯಲ್ಲೇ ಚೌಕಾಸಿ ಮಾಡುವಷ್ಟು ಪಳಗಿದ್ದ.

ಹೊಲ ಭಾರ್ಗವನ ಸೋದರಮಾವ ಶ್ರೀನಿವಾಸಮೂರ್ತಿಯವರದು. ಔಷಧ ಕಾರ್ಖಾನೆಯ ಮ್ಯಾನೇಜರು, ಲೊರೆಶೋದಲ್ಲಿ ಮನೆ, ಮಕ್ಕಳಿಲ್ಲ. ಲಿಮುರು ಕಡೆ ಗುತ್ತಿಗೆಗೆ ಹಿಡಿದ ಈ ಮುಸುಕಿನ ಜೋಳದ ಹೊಲ ಅವರದೊಂದು ಹುಚ್ಚು. ಅದರಲ್ಲಿ ಬ್ರಿಟಿಷರ ಕಾಲದ ತೂತಿನ ಕಾಸು ಹುಡುಕುವುದು ಇನ್ನೊಂದು. ಈ ಯಂತ್ರವೂ ಅವರದೇ. ಹಲವು ದಿನಗಳಿಂದ ಅವರು ಫೋನಿಗೆ ಸಿಕ್ಕಿರಲಿಲ್ಲ. ಮೊಂಬಾಸಾಗೆ ಹೋಗಿದ್ದಾರೆ ಎಂದಿದ್ದ ಭಾರ್ಗವ. ಅತ್ತೆ ವಿಮಲಾ ಮೈಸೂರಿನ ತಂಗಿಯ ಮನೆಗೆ ಹೋಗಿದ್ದರಿಂದ ಮನೆಯಲ್ಲಿ ಕೇಳುವವರೂ ಇರಲಿಲ್ಲ. ಭಾರ್ಗವ ಬೀಗ ತೆಗೆದು ಯಂತ್ರ ಎತ್ತಿಕೊಂಡು ಬಂದಿದ್ದ.

“ಮಾಮ ಹೋದ್ಮೇಲೆ ಇದೆಲ್ಲಾ ನಂದೇ ಕಣೋ,” ಎಂದು ದಾರಿಯಲ್ಲಿ ನಕ್ಕಿದ್ದ. ಸುಜಯ್ ಕೂಡ ನಕ್ಕಿದ್ದ.

ಗುದ್ದಲಿಗೆ ಏನೋ ತಗುಲಿತು. ಸುಜಯ್ ಬಗ್ಗಿ ಮಣ್ಣು ಸರಿಸಿದ. ಕಾಸಲ್ಲ. ಚಿನ್ನದ ಬಣ್ಣದ ಕಟ್ಟಿನ ಕನ್ನಡಕ, ಒಂದು ಗಾಜು ಒಡೆದಿತ್ತು. ಇಂಥದ್ದನ್ನು ಅವನು ಯಂತ್ರ ತರಲು ಜೊತೆಗೆ ಹೋದಾಗ ಲೊರೆಶೋ ಮನೆಯ ಗೋಡೆಯ ಮೇಲೆ, ಗಂಡ ಹೆಂಡತಿ ಜೊತೆಯಾಗಿ ತೆಗೆಸಿಕೊಂಡ ಫೋಟೋದಲ್ಲಿ ನೋಡಿದ್ದ.

ಭಾರ್ಗವ ಓಡಿಬಂದು ಅದನ್ನು ಕಿತ್ತುಕೊಂಡ. ಮುಖ ಸುಣ್ಣದಂತಾಗಿತ್ತು.

“ಯಾರದೋ ಅದು?”

“ಯಾರದೂ ಅಲ್ಲ,” ಎಂದು ಜೇಬಿಗಿಳಿಸಿದ.

ಅಷ್ಟರಲ್ಲಿ ಹೊಲ ಕಾಯುವ ಮುದುಕ ಮ್ವಾಂಗಿ ಜೋಳದ ಸಾಲಿನಿಂದ ಏದುಸಿರು ಬಿಡುತ್ತಾ ಬಂದ. ಒಂದೇ ಸಮನೆ ಏನೇನೋ ಹೇಳಿದ. ಸುಜಯ್‌ಗೆ ತಿಳಿದದ್ದು ಒಂದೇ ಪದ: “ಮಾಮಾ.” ಮುದುಕ ಸಡಿಲ ಮಣ್ಣನ್ನು ತೋರಿಸಿದ. ಕೆನ್ನೆಗೆ ಅಂಗೈ ಕೊಟ್ಟು ಕಣ್ಣು ಮುಚ್ಚಿ, ಮಲಗಿದವರಂತೆ ಮಾಡಿದ. “ಮಾಮಾ,” ಎಂದು ಮತ್ತೆ ಹೇಳಿ ಕಣ್ಣೊರೆಸಿಕೊಂಡ. ಭಾರ್ಗವ ಅವನ ಭುಜ ಹಿಡಿದು ಬಾಯಿ ಮುಚ್ಚಿಸಿದ. ತಗ್ಗಿದ ದನಿಯಲ್ಲಿ ಏನೋ ಕೇಳಿದ. ಮುದುಕ ತಲೆಯಾಡಿಸಿದ.

ಸುಜಯ್ ಒಂದು ಹೆಜ್ಜೆ ಹಿಂದೆ ಸರಿದ. ಮಾಮ ಮೊಂಬಾಸಾದಲ್ಲಿಲ್ಲ.

“ನಿನ್ನ ಮೊಬೈಲ್ ಕೊಡು,” ಎಂದ ಭಾರ್ಗವ. “ನಂದು ಚಾರ್ಜ್ ಇಲ್ಲ.”

“ಯಾಕೆ?”

“ಕೊಡು ಅಂದ್ನಲ್ಲ. ಇಲ್ಲಿ ನೋಡಿದ್ದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ. ಬಿಟ್ರೆ ನಿನ್ನ ಜೀವಕ್ಕೇ ಅಪಾಯ.”

ಗುದ್ದಲಿ ಈಗ ಭಾರ್ಗವನ ಕೈಯಲ್ಲಿತ್ತು. ಸುಜಯ್ ಮೊಬೈಲ್ ಕೊಟ್ಟ. ಐದು ವರ್ಷ ಒಂದೇ ಹಾಸ್ಟೆಲ್ ರೂಮಿನಲ್ಲಿ ಇದ್ದವನು ಕಣ್ಣೆದುರಿಗೇ ಬೇರೆ ಯಾರೋ ಆಗಿಬಿಟ್ಟಿದ್ದ. ಅವನು ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತಿದ್ದೇ ತಡ, ಸುಜಯ್ ಜೋಳದೊಳಗೆ ನುಗ್ಗಿ ಓಟ ಕಿತ್ತ.

“ಸುಜಯ್, ರಸ್ತೆ ಕಡೆ ಹೋಗ್ಬೇಡ್ವೋ,” ಎಂದು ಹಿಂದಿನಿಂದ ಕೂಗು ಬಂತು. ಅವನು ಇನ್ನೂ ಜೋರಾಗಿ ಓಡಿದ.

ಮಣ್ಣಿನ ದಾರಿಯಲ್ಲಿ ಮಟಾಟು ಇರಲಿ, ಒಂದು ನರಪಿಳ್ಳೆಯೂ ಇರಲಿಲ್ಲ. ಮಂಜಿನೊಳಗಿಂದ ಬಿಳಿ ಕಾರೊಂದು ನಿಧಾನವಾಗಿ ಬಂದು ಪಕ್ಕಕ್ಕೇ ನಿಂತಿತು. ಗಾಜು ಇಳಿಯಿತು.

ಶ್ರೀನಿವಾಸಮೂರ್ತಿ. ಫೋಟೋದಲ್ಲಿದ್ದ ಅದೇ ಮುಖ, ಮೂಗಿನ ಮೇಲೆ ಅದೇ ಚಿನ್ನದ ಬಣ್ಣದ ಕನ್ನಡಕ.

ಸುಜಯ್‌ಗೆ ಅಳುವೇ ಬಂದುಬಿಟ್ಟಿತು. “ಅಂಕಲ್, ನೀವು... ಬದುಕಿದ್ದೀರಾ.”

“ಭಾರ್ಗವನ ಫ್ರೆಂಡ್ ಅಲ್ವಾ ನೀನು? ಕಾರು ಹತ್ತು ಮರಿ, ಹತ್ತು. ಮನೆಗೆ ಬಂದು ನೋಡಿದೆ, ಯಂತ್ರ ಇರಲಿಲ್ಲ. ಇಲ್ಲೇ ಇರ್ತೀರಿ ಅಂತ ಬಂದೆ.”

ಸುಜಯ್ ಹತ್ತಿ ಕೂತ. ಕಾರು ಮತ್ತೆ ಹೊಲದ ಕಡೆಗೇ ಹೊರಟಿತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಜೀವ ಉಳಿಯಿತು ಎಂಬ ಸಂತೋಷಕ್ಕೆ ಎಲ್ಲವನ್ನೂ ಒದರಿಬಿಟ್ಟ: ಮಣ್ಣು, ಕನ್ನಡಕ, ಮುದುಕ, ಭಾರ್ಗವನ ಬೆದರಿಕೆ.

ಮೂರ್ತಿಯವರು ಶಾಂತವಾಗಿ ಕೇಳಿದರು. “ಭಾರ್ಗವ ಯಾರಿಗೆ ಫೋನ್ ಮಾಡ್ತಿದ್ದ?”

“ಗೊತ್ತಿಲ್ಲ ಅಂಕಲ್. ಸಿಗ್ನಲ್ ಸಿಕ್ಕಿರಲಿಲ್ಲ.”

“ಒಳ್ಳೇದಾಯ್ತು.”

“ನಿಮ್ಮನ್ನೇ ಹೂತಿದ್ದಾರೆ ಅಂದ್ಕೊಂಡೆ,” ಎಂದು ಸುಜಯ್ ಈಗ ನಗಲೂ ಶುರುಮಾಡಿದ. “ಆ ಮುದುಕ ನೆಲ ತೋರಿಸಿ ಮಾಮಾ, ಮಾಮಾ ಅಂತಿದ್ದ.”

ಮೂರ್ತಿಯವರು ಎಡಗೈಯಿಂದ ಗುಂಡಿ ಒತ್ತಿದರು. ನಾಲ್ಕೂ ಬಾಗಿಲು ಒಟ್ಟಿಗೆ ಲಾಕ್ ಆದವು.

“ಇಲ್ಲಿಯವರ ಭಾಷೇಲಿ ಮಾಮಾ ಅಂದ್ರೆ ಮನೆಯ ಅಮ್ಮಾವ್ರು, ಮರಿ.”