ಗೇಟಿನ ಬೋರ್ಡು

ಫಾರೆಸ್ಟ್ ವಾಚರ್ ಆಗಿದ್ದ ಚಿಕ್ಕತಾಯಿಯ ಗಂಡ ಕಾಳ್ಗಿಚ್ಚು ಆರಿಸಲು ಹೋಗಿ ಸತ್ತು ವರ್ಷವಾಗಿತ್ತು. ಅವನು ಬಿದ್ದ ಜಾಗದಲ್ಲಿ ಎಡೆ ಇಡಲು ಅವಳು ಊಟದ ಡಬ್ಬಿ ಹಿಡಿದು ಬಂದರೆ, ಕಾಡಿನ ಗೇಟಿನ ಕಾವಲುಗಾರ ಮುಚ್ಚಳ ತೆಗೆಸಿದ.

“ಊಟ ಒಳಕ್ಕೆ ಬುಡಂಗಿಲ್ಲ ಕಣಕ್ಕ. ಬರಿಗೈಲಿ ಹೋಗ್ಬನ್ನಿ.”

ನಗುವ ಜನರನ್ನು ತುಂಬಿಕೊಂಡ ಸಫಾರಿ ಜೀಪು ಅವಳ ಮೇಲೆ ಧೂಳೆಬ್ಬಿಸಿ ಒಳಗೆ ಹೋಯಿತು.

“ಮೋಜು ಮಾಡೋರಿಗೆ ದಾರಿ, ಸತ್ತೋನ ಎರಡು ತುತ್ತಿಗೆ ತಡೆಯಾ?”

“ಬೋರ್ಡ್ ನೋಡಕ್ಕ, ಊಟ ತರಬೇಡಿ ಅಂತ ಬರ್ದದೆ. ನಮ್ಮನ್ನದ ರುಚಿ ಹತ್ತಿದ್ರೆ ಕೋತಿಗಳು ಕಾಡಿನ ಹಣ್ಣೇ ಮರೀತವೆ.”

“ಯಾವ ಕಲ್ಲೆದೆಯೋನು ಬರೆದದ್ದು ಅದನ್ನ? ಅವನ ಹೆಂಡ್ತಿ ಹಿಂಗೆ ಡಬ್ಬಿ ಹಿಡ್ಕಂಡು ನಿಂತಿದ್ರೆ ಗೊತ್ತಾಗೋದು.”

ಕಾವಲುಗಾರ ಟೋಪಿ ತೆಗೆದ.

“ನಿಮ್ಮ ಯಜಮಾನ್ರೇ ಬರೆದದ್ದು ಕಣಕ್ಕ, ಬೆಂಕಿಗೆ ಹೋಗೋ ಹಿಂದಿನ ವಾರ.”