ಮನೆ ನೋಡಲು ಬಂದ ಕಾರು

ಕೊಂಡ ಮರುದಿನವೇ ದುಪ್ಪಟ್ಟು ಬೆಲೆಗೆ ಮಾರುವವರ ಕಾಟಕ್ಕೆ, ಕಂಪನಿಯವರು ಅಪರೂಪದ ಕಾರುಗಳನ್ನು ಈಗ ಮಾರುವ ಮೊದಲು ಕೊಳ್ಳುವವರ ಮನೆ ನೋಡಲು ಕಳಿಸುತ್ತಾರೆ. ಒಪ್ಪುವುದು, ಬಿಡುವುದು ಕಾರಿಗೇ ಸೇರಿದ್ದು. ಸೀರೆ ಅಂಗಡಿಯ ರೇವಣ್ಣನವರ ಮನೆಗೆ ಕೆಂಪು ಕಾರು ಬಂದಾಗ, ಅದು ತಿನ್ನುವುದಿಲ್ಲವೆಂದು ಗೊತ್ತಿದ್ದೂ ಹೆಂಡತಿ ಗಿರಿಜಮ್ಮ ಉಪ್ಪಿಟ್ಟು, ಕೇಸರಿಬಾತ್ ತಂದಿಟ್ಟರು.

ಕಾರು ಪೋರ್ಟಿಕೋದ ನೆಲ ನೋಡಿತು. "ಇಲ್ಲಿ ಆಯಿಲ್ ಕಲೆ ಇದೆ. ಮುಂಚೆ ಇದ್ದ ಕಾರನ್ನ ಮಾರಿಬಿಟ್ರಾ?"

ರೇವಣ್ಣ ತಲೆ ತಗ್ಗಿಸಿದರು. "ಇಲ್ಲ. ನಮ್ಮಪ್ಪನ ಕಾಲದ್ದು, ಸ್ಟಾರ್ಟ್ ಆಗಲ್ಲ. ನೀವು ಬರ್ತೀರಂತ ನಾಚಿಕೆಯಾಗಿ ಪಕ್ಕದ ಮನೆ ಹಿತ್ತಲಿಗೆ ತಳ್ಳಿದೆ."

"ಬೆಳಗ್ಗೆಯಿಂದ ಇವರು ಅದನ್ನ ಹೋಗಿ ಹೋಗಿ ನೋಡ್ಕೊಂಡು ಬರ್ತಿದಾರೆ," ಎಂದರು ಗಿರಿಜಮ್ಮ.

ಕಾರು ಮೆಲ್ಲಗೆ ಹಿಂದಕ್ಕೆ ಸರಿದು, ಅಂಗಳದ ಬಿಸಿಲಲ್ಲಿ ನಿಂತಿತು.

"ಮೊದಲು ಹಿತ್ತಲಲ್ಲಿರೋ ಆ ಹಿರಿಯರನ್ನ ನೆರಳಿಗೆ ಕರ್ಕೊಂಡು ಬನ್ನಿ," ಎಂದಿತು. "ನಾನಿನ್ನು ಇಲ್ಲೇ ಇರ್ತೀನಿ."