ಸೆಲಾಮ್ ಆಂಟಿಯ ಇಂಟರ್‌ವ್ಯೂ

ಕಾಫಿಬೀಜ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಇಂಗ್ಲೆಂಡಿನ ಸಾಲ್ಫರ್ಡಿನ ನಮ್ಮ ಅಡುಗೆಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಫ್ರಿಕಾದ ಎರಿಟ್ರಿಯಾದಿಂದ ತಪ್ಪಿಸಿಕೊಂಡು ಬಂದಿದ್ದ ಪಕ್ಕದ ಮನೆಯ ಸೆಲಾಮ್ ಆಂಟಿ ನಮ್ಮ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದರು. ಆಶ್ರಯ ಕೋರಿ ಅವರು ಸರ್ಕಾರಕ್ಕೆ ಕೊಟ್ಟಿದ್ದ ಅರ್ಜಿಗೆ ಮರುದಿನ ಇಂಟರ್‌ವ್ಯೂ. ಅಭ್ಯಾಸವಾಗಲೆಂದು ಅಮ್ಮ ಅಧಿಕಾರಿಯಂತೆ ಪ್ರಶ್ನೆ ಕೇಳುತ್ತಿದ್ದಳು. ಜೈಲು, ಮರಳುಗಾಡು, ದೋಣಿ ಎಲ್ಲವನ್ನೂ ಆಂಟಿ ತಡವರಿಸದೆ ಹೇಳಿದರು. “ಜೊತೆಗೆ ಯಾರಿದ್ದರು?” ಎಂದಾಗ ಮಾತ್ರ ಹುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಪುಟ್ಟಿ, ಸ್ವಲ್ಪ ಹೊರಗೆ ಆಡ್ಕೋ ಹೋಗಮ್ಮ,” ಎಂದಳು ಅಮ್ಮ.

“ಇರಲಿ ಬಿಡಿ,” ಎಂದು ಆಂಟಿ ಇಂಗ್ಲಿಷಿನಲ್ಲಿ ತಡೆದರು. “ಇವಳೆದುರು ಹೇಳೋಕಾದ್ರೆ ನಾಳೆ ಅಲ್ಲೂ ಹೇಳ್ತೀನಿ.”

ನನ್ನ ಕೈ ಹಿಡಿದುಕೊಂಡು ಮಗಳ ಹೆಸರು ಹೇಳಿದರು. ದೋಣಿ ಮಗುಚಿದಾಗ ಕೈಜಾರಿ ಹೋದ ಅವಳಿಗೆ ನನ್ನಷ್ಟೇ ವಯಸ್ಸಂತೆ.

ಕೆಲವು ತಿಂಗಳ ಮೇಲೆ ಆಂಟಿಗೆ ಇಲ್ಲೇ ಉಳಿಯಲು ಅನುಮತಿ ಸಿಕ್ಕಿತು. ಅಮ್ಮ ಪಾಯಸ ಮಾಡಿದಳು. ಆಂಟಿ ತಮ್ಮ ಬಟ್ಟಲಿನ ಗೋಡಂಬಿಯನ್ನೆಲ್ಲ ಆರಿಸಿ ನನ್ನ ಬಟ್ಟಲಿಗೆ ಹಾಕಿದರು.